ತಿಮಿಂಗಿಲದ ಸೂತಕ

ಮೊಂಡಿಯ ಎದೆಬಡಿತ ತಪ್ಪುತ್ತಿದೆ ಎಂದು ಸುಪ್ರಿತಾ ಕುಂದರ್‌ಗೆ ಗೊತ್ತಾದದ್ದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ. ಕಿವಿಯ ಹೆಡ್‌ಫೋನಿನಲ್ಲಿ ಒಂದು ಬಡಿತ ಕೇಳಿತು. ಇನ್ನೊಂದು ಬರಲಿಲ್ಲ. ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕಾದಳು. ಕೊನೆಗೆ ಬಂತು, ದೂರದಲ್ಲಿ ಯಾರೋ ಮೂಟೆ ಇಳಿಸಿದ ಹಾಗೆ, ಮಂದವಾಗಿ. ಅವಳು ತುತ್ತನ್ನು ಬಾಯಿಗಿಟ್ಟು ಅಗಿದಳು. ರುಚಿ ಗೊತ್ತಾಗಲಿಲ್ಲ.

ಮೊಂಡಿ ಎಂದರೆ ಒಂದು ಹೆಣ್ಣು ತಿಮಿಂಗಿಲ. ಬಾಲದ ಒಂದು ತುದಿ ಯಾವ ಕಾಲದಲ್ಲೋ ಬಲೆಯ ಹಗ್ಗಕ್ಕೆ ಸಿಕ್ಕಿ ಕಡಿದುಹೋಗಿತ್ತು. ತಿಮಿಂಗಿಲಗಳ ಕಾವಲು ಕೇಂದ್ರದ ಕಂಪ್ಯೂಟರಿನಲ್ಲಿ ಅದಕ್ಕೊಂದು ಸಂಖ್ಯೆಯಿದ್ದರೂ ಬೋಟಿನವರು ಇಟ್ಟ ಹೆಸರೇ ಎಲ್ಲರ ಬಾಯಲ್ಲಿ ನಿಂತಿತ್ತು. ಅದರ ಬೆನ್ನ ಮೇಲೆ ಅಂಗೈಯಗಲದ ಒಂದು ಬಿಲ್ಲೆ ಅಂಟಿಸಿದ್ದರು. ಎಷ್ಟು ಆಳಕ್ಕೆ ಹೋಯಿತು, ಯಾವಾಗ ಉಸಿರು ತೆಗೆದುಕೊಂಡಿತು, ಎದೆ ಹೇಗೆ ಬಡಿಯುತ್ತಿದೆ, ಎಲ್ಲವನ್ನೂ ಆ ಬಿಲ್ಲೆ ಮಲ್ಪೆ ಬಂದರಿನ ದಕ್ಕೆಯ ಪಕ್ಕದ ಈ ಎರಡಂತಸ್ತಿನ ಕಟ್ಟಡಕ್ಕೆ ಕಳಿಸುತ್ತಿತ್ತು. ಕೆಳಗೆ ಮೀನಿನ ಹರಾಜು, ಮೇಲೆ ಏರ್‌ಕಂಡೀಷನ್ ಹಾಕಿದ ಕೋಣೆ. ಏರ್‌ಕಂಡೀಷನ್‌ನಿಂದಲೂ ಬಂಗುಡೆ ವಾಸನೆಯೇ ಬರುತ್ತಿತ್ತು.

ಅರಬ್ಬಿ ಸಮುದ್ರದ ಸುತ್ತಲಿನ ದೇಶಗಳು ಕೂತು ಒಪ್ಪಂದ ಮಾಡಿಕೊಂಡು ಹದಿನೈದು ವರ್ಷದ ಮೇಲಾಗಿತ್ತು. ಈ ಕಡಲಿನ ತಿಮಿಂಗಿಲಗಳು ಬೇರೆ ಕಡಲಿಗೆ ವಲಸೆ ಹೋಗುವವಲ್ಲ. ಇಲ್ಲೇ ಹುಟ್ಟಿ ಇಲ್ಲೇ ಸಾಯುತ್ತವೆ. ಇಲ್ಲಿ ಮುಗಿದರೆ ಮುಗಿದೇಹೋದವು. ಅದಕ್ಕೇ ಕಡಲನ್ನು ವಲಯಗಳಾಗಿ ಹಂಚಿಕೊಂಡು, ಯಾರ ವಲಯದಲ್ಲಿ ತಿಮಿಂಗಿಲ ಸಾಯುತ್ತದೋ ಆ ವಲಯದ ಬೋಟುಗಳೆಲ್ಲ ತನಿಖೆ ಮುಗಿಯುವ ತನಕ ದಡದಲ್ಲಿ ನಿಲ್ಲಬೇಕೆಂದು ನಿಯಮ ಮಾಡಿದರು. ಡಾಲ್ಫಿನ್ ಸತ್ತರೆ ಒಂದು ವಾರ. ತಿಮಿಂಗಿಲವಾದರೆ ಹೆಚ್ಚುಕಡಿಮೆ ಇಡೀ ಸೀಸನ್ನೇ ಕೈಬಿಟ್ಟ ಹಾಗೆ. ಮಲ್ಪೆಯಿಂದ ಗಂಗೊಳ್ಳಿಯವರೆಗೆ ಬೋಟಿನವರು ಇದನ್ನು ಸೂತಕ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ ಅಂದದ್ದು. ಆಮೇಲೆ ತಮಾಷೆ ಹೋಗಿ ಮಾತಷ್ಟೇ ಉಳಿಯಿತು.

ನಿಯಮದಿಂದ ಉಪಯೋಗವಾಗಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ತಿಮಿಂಗಿಲಗಳು ಹೆಚ್ಚಿದ್ದವು. ತಾಯಿಯ ಪಕ್ಕ ಮರಿ ಈಜುವುದನ್ನು ಬೋಟಿನವರೇ ಮೊಬೈಲಿನಲ್ಲಿ ಹಿಡಿದು ತಂದು ತೋರಿಸುತ್ತಿದ್ದರು. ಮೊದಲು ನಿಯಮದಲ್ಲಿ ಒಂದು ಸಡಿಲಿಕೆಯೂ ಇತ್ತು: ವಯಸ್ಸಾಗಿ ತಾನಾಗಿ ಸತ್ತದ್ದಕ್ಕೆ ಸೂತಕವಿಲ್ಲ. ಆದರೆ ಬಲೆಯಲ್ಲಿ ಉಸಿರುಕಟ್ಟಿ ಸತ್ತದ್ದೂ, ಹಡಗು ಬಡಿದು ಸತ್ತದ್ದೂ ಎಲ್ಲ ದೇಶಗಳ ವರದಿಯಲ್ಲಿ ವಯಸ್ಸಾಗಿ ಸತ್ತವೇ ಆಗತೊಡಗಿದಾಗ ಆ ಸಾಲನ್ನು ಕಿತ್ತುಹಾಕಿದರು. ಕಿತ್ತುಹಾಕಿದ್ದು ತಪ್ಪೆಂದು ಸುಪ್ರಿತಾಗೂ ಅನಿಸಿರಲಿಲ್ಲ. ಆದರೆ ಈಗ ನಿಜವಾಗಿಯೂ ವಯಸ್ಸಾದ ಒಂದು ಜೀವ ಅವಳ ಕಿವಿಯಲ್ಲಿ ಸಾಯುತ್ತಿತ್ತು.

ವಲಯದ ಅಧಿಕಾರಿ ಅನಂತ ಶಾನುಭಾಗರಿಗೆ ಹೇಳಿದಳು. ಅವರು ಪರದೆಯ ಮುಂದೆ ನಿಂತು ಮೊಂಡಿಯ ಗುರುತನ್ನು ನೋಡಿದರು. ನಮ್ಮ ವಲಯದ ಪಶ್ಚಿಮದ ಅಂಚಿಗೆ ಹತ್ತಿರದಲ್ಲೇ ಇತ್ತು. ಅಂಚಿನಾಚೆ ಕಡಲು ಇನ್ನೊಂದು ದೇಶದವರ ಕಾವಲಿನದ್ದು.

"ಮಾರ್ಗದರ್ಶನ ಮಾಡುವಾ," ಎಂದರು ಶಾನುಭಾಗರು, ಅವಳ ಮುಖ ನೋಡದೆ.

ಕಡಲಿನ ಮೇಲೆ ಸದ್ದಿನ ಬೇಲಿ ಎಂಬುದೊಂದಿತ್ತು. ಸೂರ್ಯನ ಬಿಸಿಲಿನಲ್ಲೇ ನಡೆಯುವ ತೇಲುಬುರುಡೆಗಳು, ಅವುಗಳಿಂದ ನೀರಿನೊಳಗೆ ಇಳಿಬಿಟ್ಟ ಸ್ಪೀಕರುಗಳು. ಬಲೆಗಳ ಕಡೆ, ಹಡಗುಗಳ ದಾರಿಯ ಕಡೆ ತಿಮಿಂಗಿಲಗಳು ಹೋಗದಂತೆ ಕಿವಿಗೆ ಅಹಿತವಾದ ಸದ್ದು ಮಾಡಿ ತಿರುಗಿಸುವುದಕ್ಕೆ ಮಾಡಿದ್ದು. ಬುರುಡೆಗಳಿಗೆ ಸಣ್ಣ ಮೋಟಾರುಗಳಿದ್ದವು, ಬೇಕಾದ ಕಡೆ ಕಳಿಸಬಹುದಿತ್ತು. ಸಾಯುವ ಪ್ರಾಣಿಯನ್ನು ಅಂಚಿನಾಚೆ ದೂಡುವುದಕ್ಕೂ ಅದನ್ನು ಬಳಸಬಹುದೆಂದು ಮೊದಲು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಬಳಸಬಾರದೆಂದು ಒಪ್ಪಂದದಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗೆ ದೂಡುವುದನ್ನೇ ಕೇಂದ್ರದಲ್ಲಿ ಮಾರ್ಗದರ್ಶನ ಎನ್ನುತ್ತಿದ್ದರು. ಬೇಲಿ ಹಾಕಲು ಅಧಿಕಾರಿಯ ಗುಪ್ತಸಂಖ್ಯೆಯೂ ಬೇಕು, ಕೇಳುವ ಕೆಲಸದವರ ಗುಪ್ತಸಂಖ್ಯೆಯೂ ಬೇಕು. ಶಾನುಭಾಗರು ತಮ್ಮದನ್ನು ಒತ್ತಿದರು. ಸುಪ್ರಿತಾ ತನ್ನದನ್ನು ಒತ್ತಿದಳು.

ಅವಳಿಗೆ ಆಗ ಬೇರೆ ಯೋಚನೆಯೇ ಬರಲಿಲ್ಲ. ಹಿಂದಿನ ಸೂತಕ ಅವಳ ಮನೆಯೊಳಗೇ ಬಂದು ಕೂತು ಹೋಗಿತ್ತು. ಗಂಡ ರವೀಂದ್ರ ಬೋಟಿನ ತಾಂಡೇಲ. ಚುಕ್ಕಾಣಿ ಹಿಡಿದು ಜನ ನಡೆಸಿದವನು ಆ ವರ್ಷ ಬೇರೆ ವಲಯದ ದೂರದ ಬಂದರೊಂದಕ್ಕೆ ಹೋಗಿ, ತನಗಿಂತ ಚಿಕ್ಕವನ ಕೈಕೆಳಗೆ ಬಲೆ ಎಳೆದು ಬಂದಿದ್ದ. ಬರುವಾಗ ಸೊಂಟ ಹಿಡಿದಿತ್ತು. ಊಟಕ್ಕೆ ಕೂತರೆ ಮಾತೇ ಇಲ್ಲ. ಅದು ಸರಿಯಾಗಲು ಒಂದು ಮಳೆಗಾಲ ಹಿಡಿಯಿತು. ಅವರ ಊರು ಕೋಡಿಬೆಂಗ್ರೆಯಲ್ಲಿ ಎಲ್ಲ ಮನೆಯಲ್ಲೂ ಹೀಗೇ ಏನಾದರೊಂದು ಇತ್ತು. ಮಂಜುಗಡ್ಡೆಯ ಕಾರ್ಖಾನೆ ಮುಚ್ಚಿತ್ತು, ಒಣಮೀನು ಮಾರುವ ಹೆಂಗಸರು ಖಾಲಿ ಚಾಪೆ ಹಾಸಿಕೊಂಡು ಅಂಗಳದಲ್ಲಿ ಕೂರುತ್ತಿದ್ದರು. ಅತ್ತೆ ಗುಲಾಬಿಯೂ ಅವರಲ್ಲೊಬ್ಬಳು.

ಕೇಂದ್ರದ ಸುದ್ದಿ ಮನೆಯಲ್ಲಿ ಹೇಳಬಾರದೆಂಬ ಷರತ್ತಿತ್ತು. ಹೇಳಬೇಕಾಗಿಯೂ ಇರಲಿಲ್ಲ. ಆ ಸಂಜೆ ಸುಪ್ರಿತಾ ಬಂದು ಚಪ್ಪಲಿ ಬಿಡುವಾಗಲೇ ಗುಲಾಬಿ ಅವಳ ಮುಖ ನೋಡಿ, ಯಾವುದಕ್ಕೋ ಕಾಯಿಲೆಯಾ ಎಂದು ಕೇಳಿದಳು. ಸುಪ್ರಿತಾ ಕಾಲು ತೊಳೆಯಲು ಹೋದಳು.

"ಆಚೆ ದೂಡು ಮಗಾ," ಎಂದಳು ಗುಲಾಬಿ. "ಪಾಪ ಪುಣ್ಯ ನೋಡುತ್ತ ಕೂತರೆ ಆಗುದಿಲ್ಲ. ಅವರ ಕಡೆಯವರೂ ಅದನ್ನೇ ಮಾಡುದು."

ಅವರ ಕಡೆಯವರೂ ಅದನ್ನೇ ಮಾಡುತ್ತಿದ್ದರು. ಮೊಂಡಿ ಅಂಚು ದಾಟಿ ಹೋದ ಮರುದಿನವೇ ಆಚೆಯ ಬೇಲಿ ಎದ್ದಿತು. ಅವರ ಬುರುಡೆಗಳು ಸುಪ್ರಿತಾಳ ಪರದೆಯಲ್ಲಿ ಹಸಿರು ಚುಕ್ಕೆಗಳಾಗಿ ಕಾಣುತ್ತಿದ್ದವು, ನಮ್ಮವು ಹಳದಿ. ಹಸಿರು ಚುಕ್ಕೆಗಳು ಬಿಲ್ಲಿನ ಹಾಗೆ ಬಾಗಿ ನಿಂತವು. ಮೊಂಡಿ ತಿರುಗಿತು. ಸಂಜೆಯ ಹೊತ್ತಿಗೆ ಈಚೆ ಬಂತು. ಶಾನುಭಾಗರು ಮತ್ತೆ ತಮ್ಮ ಸಂಖ್ಯೆ ಒತ್ತಿದರು, ಸುಪ್ರಿತಾ ತನ್ನದು. ಮೊಂಡಿ ಮತ್ತೆ ಆಚೆ ಹೋಯಿತು. ಹೀಗೇ ವಾರ ದಾಟಿತು. ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಎರಡು ಮನೆಗಳ ನಡುವೆ ಕಸ ಗುಡಿಸಿ ಗುಡಿಸಿ ಅತ್ತಿತ್ತ ದೂಡುವ ಹಾಗೆ, ದೊಡ್ಡ ಜಗಳವೂ ಇಲ್ಲದೆ, ಅದು ದಿನದ ಕೆಲಸವಾಗಿಹೋಯಿತು.

ಕೇಳುವುದು ಮಾತ್ರ ಸುಪ್ರಿತಾಳ ಪಾಲಿಗಿತ್ತು. ಶಾನುಭಾಗರಿಗೆ ಪರದೆಯ ಮೇಲಿನ ಗುರುತಷ್ಟೇ ಕಾಣುತ್ತಿತ್ತು. ಅವಳಿಗೆ ಎದೆಬಡಿತ ಕೇಳುತ್ತಿತ್ತು. ಬೇಲಿ ಹಾಕಿದೊಡನೆ ಆ ನಿಧಾನದ ಬಡಿತ ಗಾಬರಿಯಿಂದ ಓಡುತ್ತಿತ್ತು. ಮೊಂಡಿ ತಿರುಗಿ ಈಜತೊಡಗಿದ ಮೇಲೂ ಬಹಳ ಹೊತ್ತು ಓಡುತ್ತಲೇ ಇರುತ್ತಿತ್ತು. ಆಮೇಲೆ ಸುಸ್ತಾಗಿ ಕುಸಿಯುತ್ತಿತ್ತು. ಮೊಂಡಿ ಆಹಾರ ಹುಡುಕಿ ಆಳಕ್ಕಿಳಿಯುವುದನ್ನು ಬಿಟ್ಟಾಗಿತ್ತು. ಮೇಲೆ ತೇಲಿಕೊಂಡು ಉಸಿರಾಡುವುದಕ್ಕಷ್ಟೇ ಅದರ ಶಕ್ತಿ ಸಾಲುತ್ತಿತ್ತು. ಆ ಉಳಿದ ಶಕ್ತಿಯನ್ನು ಎರಡು ಕಡೆಯವರೂ ಸೇರಿ ಖರ್ಚು ಮಾಡಿಸುತ್ತಿದ್ದರು.

ಒಂದು ದಿನ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಕಿವಿಯಿಲ್ಲದೆ ಕೆಲಸ ಮಾಡಿ ನೋಡಿದಳು. ಗುರುತು ಅತ್ತ ಹೋಯಿತು, ಇತ್ತ ಬಂತು. ಅಷ್ಟೇ. ಮನೆಗೆ ಹೋದಾಗ ಮೀನುಸಾರು ಕುದಿಯುತ್ತಿತ್ತು. ರವೀಂದ್ರ ಕಡಲಿನಿಂದ ಬಂದು ಸ್ನಾನ ಮಾಡಿ ಕೂತಿದ್ದ. ಬೋಟು ತುಂಬ ಬಂಗುಡೆ ಬಿದ್ದಿದೆಯೆಂದೂ, ಹೀಗೇ ನಡೆದರೆ ಬೇಸಿಗೆಯ ಮೊದಲು ಮನೆಯ ಹಿಂದಿನ ಗೋಡೆ ಕಟ್ಟಿಸಬಹುದೆಂದೂ ಹೇಳಿದ. ಬಹಳ ದಿನಗಳ ಮೇಲೆ ಅವನು ಇಷ್ಟು ಮಾತಾಡಿದ್ದು. ಸುಪ್ರಿತಾ ಬಡಿಸುತ್ತ, ಹೂಂ, ಹೂಂ ಎಂದಳು. ಮಲಗಿದ ಮೇಲೆ ಅವನ ಬೆನ್ನಿಗೆ ಕಿವಿಯಿಟ್ಟಳು. ಎದೆಬಡಿತ ಕೇಳಿಸಿತು. ಮಗ್ಗುಲಾದಳು.

ಮರುದಿನ ಮಧ್ಯಾಹ್ನ ಆಚೆ ದಡದಿಂದ ಕರೆ ಬಂತು. ಎರಡು ಕೇಂದ್ರಗಳ ನಡುವಿನ ಆ ಲೈನು ಹವಾಮಾನ ಹೇಳುವುದಕ್ಕೆ, ಬುರುಡೆ ಕೆಟ್ಟರೆ ತಿಳಿಸುವುದಕ್ಕೆ ಇದ್ದದ್ದು. ಕರೆ ಮಾಡಿದವನು ಖಮೀಸ್, ಅಲ್ಲಿ ಅವಳದ್ದೇ ಕೆಲಸ ಮಾಡುವವನು. ಆಚೆ ದಡದ ಸೂರ್ ಬಂದರಿನವನು. ಹಿಂದೆ ಒಂದೆರಡು ಸಲ ಮಾತಾಡಿದ್ದರು. ಅವನ ಹಿಂದಿ ಅಲ್ಲಿಗೆ ಕೆಲಸಕ್ಕೆ ಹೋದ ನಮ್ಮವರಿಂದ ಕಲಿತದ್ದು, ಅವಳದ್ದು ಶಾಲೆಯಲ್ಲಿ ಕಲಿತದ್ದು. ಎರಡೂ ಸಮಾಸಮ ಕೆಟ್ಟದಾಗಿದ್ದರಿಂದ ಇಬ್ಬರಿಗೂ ಸಂಕೋಚವಿರಲಿಲ್ಲ.

ಅವನು ಹವಾಮಾನ ಹೇಳಲಿಲ್ಲ. ನೀನೂ ಕೇಳುತ್ತಿದ್ದೀಯಲ್ಲ ಎಂದು ಕೇಳಿದ. ಸುಪ್ರಿತಾ ಹೌದೆಂದಳು. ಇಬ್ಬರ ಕಿವಿಯಲ್ಲೂ ಒಂದೇ ಎದೆ ಬಡಿಯುತ್ತಿತ್ತು. ಖಮೀಸ್ ತನ್ನ ಅಣ್ಣಂದಿರ ಬಗ್ಗೆ ಹೇಳಿದ. ಅವರೂ ಬೋಟಿನವರೇ, ಅಲ್ಲೂ ಇದು ಮೀನಿನ ಸಮಯವೇ. ಸೂತಕಕ್ಕೆ ಅವರ ಭಾಷೆಯಲ್ಲಿ ಬೇರೇನೋ ಹೆಸರಿತ್ತು. ಅದನ್ನು ಹೇಳಿ, ಅರ್ಥ ಹೇಳಲು ಹೋಗಿ, ಆಗದೆ ಬಿಟ್ಟ. ಆಮೇಲೆ ಹೇಳಿದ:

"ಬೆಹನ್, ನಾನು ಬೇಲಿ ಆರಿಸುತ್ತೇನೆ. ನೀನೂ ಆರಿಸು. ಎಲ್ಲಿ ಬೇಕೋ ಅಲ್ಲಿ ಹೋಗಲಿ. ಯಾರ ಕಡೆ ಸತ್ತರೆ ಅವರದು."

"ನಾನು ಆರಿಸದಿದ್ದರೆ?"

"ಆರಿಸದಿದ್ದರೆ ನಮ್ಮ ಕಡೆ ಬಂದು ಸಾಯುತ್ತದೆ. ನನಗೂ ಅದು ಗೊತ್ತು." ಅವನ ಉಸಿರು ಕೇಳಿಸಿತು. "ನಾನಂತೂ ಇನ್ನು ದೂಡುವುದಿಲ್ಲ. ನನಗೆ ಸಾಕಾಗಿದೆ."

ಲೈನು ಕಡಿಯಿತು. ಸುಪ್ರಿತಾ ಪರದೆ ನೋಡುತ್ತ ಕೂತಳು. ಮೊಂಡಿ ಅಂಚಿನ ಮೇಲೆಯೇ ಇತ್ತು. ಪೂರ್ವಕ್ಕೆ ನಮ್ಮ ಹಳದಿ ಬೇಲಿ, ಪಶ್ಚಿಮಕ್ಕೆ ಅವರ ಹಸಿರು ಬೇಲಿ. ಅವನು ಹೇಳಿದ್ದು ಬರಿಯ ಮಾತಿರಬಹುದು, ತಾನು ಬೇಲಿ ಇಳಿಸಲೆಂದು ಅವನು ಹೂಡಿದ ಉಪಾಯವಿರಬಹುದು ಎಂದುಕೊಂಡಳು. ಹಾಗೆಂದುಕೊಂಡರೆ ಮುಂದಿನದು ಸುಲಭವಿತ್ತು. ಅಷ್ಟರಲ್ಲಿ ಹಸಿರು ಚುಕ್ಕೆಯೊಂದು ಬೂದಿ ಬಣ್ಣಕ್ಕೆ ತಿರುಗಿತು. ಅದರ ಪಕ್ಕದ್ದೂ ಆರಿತು. ನೋಡನೋಡುತ್ತ ಇಡೀ ಬಿಲ್ಲು ಆರಿಹೋಯಿತು.

ಶಾನುಭಾಗರು ಅವಳ ಹಿಂದೆ ಬಂದು ನಿಂತಿದ್ದರು. ಅವರಿಗೆ ಫೋನಿನ ಮಾತು ಗೊತ್ತಿರಲಿಲ್ಲ. ಕಂಡದ್ದು ಆರಿದ ಚುಕ್ಕೆಗಳು ಮಾತ್ರ.

"ಅವರದ್ದು ಏನೋ ಕೆಟ್ಟಿರಬೇಕು," ಎಂದರು. "ಒಳ್ಳೆಯದೇ ಆಯಿತು. ನಮ್ಮದನ್ನು ಸ್ವಲ್ಪ ಜೋರು ಮಾಡಿ. ಕತ್ತಲಾಗುವುದರೊಳಗೆ ದೂರ ಹೋಗಿಬಿಡುತ್ತದೆ. ಮತ್ತೆ ತಿರುಗಿ ಬರುವ ಶಕ್ತಿ ಅದಕ್ಕಿಲ್ಲ."

ಅದು ನಿಜ. ಒಂದೇ ಒಂದು ಸಲ ಒತ್ತಿದ್ದರೆ ಸಾಕಿತ್ತು. ಕೆಳಗೆ ಹರಾಜಿನವರ ಕೂಗು ಕೇಳುತ್ತಿತ್ತು, ಬೋಟುಗಳು ಒಂದರ ಹಿಂದೊಂದು ದಕ್ಕೆಗೆ ಬರುತ್ತಿದ್ದವು. ಅವುಗಳಲ್ಲಿ ರವೀಂದ್ರನ ಬೋಟೂ ಇದ್ದಿರಬೇಕು. ಮನೆಯ ಹಿಂದಿನ ಗೋಡೆ ಅವಳ ಕಣ್ಣಮುಂದೆ ಬಂತು. ಹೆಡ್‌ಫೋನಿನಲ್ಲಿ ಮೊಂಡಿ ಒಂದು ಉಸಿರು ಬಿಟ್ಟಿತು, ಬಹಳ ಉದ್ದದ್ದು.

ಸುಪ್ರಿತಾ ಬೇಲಿಯಿಂದ ತನ್ನ ಗುಪ್ತಸಂಖ್ಯೆಯನ್ನು ಹಿಂದೆ ತೆಗೆದುಕೊಂಡಳು. ಎರಡರಲ್ಲಿ ಒಂದು ಇಲ್ಲದೆ ಹೋದೊಡನೆ ಹಳದಿ ಚುಕ್ಕೆಗಳು ತಾವಾಗಿ ಆರಿದವು.

ಶಾನುಭಾಗರು ಬೈಯಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತರು. ಏನು ಮಾಡಿದಿರಿ ಎಂದು ಗೊತ್ತಾ ಎಂದು ಮೆಲ್ಲಗೆ ಕೇಳಿದರು. ಅವಳು ಗೊತ್ತೆಂದಳು. ಈ ಬಂದರಿನಲ್ಲಿ ನೀವು ಮುಖ ಎತ್ತಿ ನಡೆಯಬೇಕಲ್ಲ ಎಂದರು. ಬೇರೆಯವರನ್ನು ಕೂರಿಸಿ ಬೇಲಿ ಹಾಕಿಸುವ ಅಧಿಕಾರ ಅವರಿಗಿತ್ತು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಇದ್ದರು ಕೂಡ. ಶಾನುಭಾಗರು ಬಾಗಿಲಿನ ತನಕ ಹೋದರು. ಅಲ್ಲಿ ನಿಂತು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತು, ಇನ್ನೊಂದು ಹೆಡ್‌ಫೋನು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಹೆಡ್‌ಫೋನು ಹಾಕಿಕೊಂಡದ್ದು ಅದೇ ಮೊದಲು.

ಮೊಂಡಿ ತಕ್ಷಣ ಎಲ್ಲಿಗೂ ಹೋಗಲಿಲ್ಲ. ಸದ್ದು ನಿಂತಿದೆಯೆಂದು ಅದಕ್ಕೆ ನಂಬಿಕೆ ಬರಲಿಲ್ಲವೇನೋ, ಬಹಳ ಹೊತ್ತು ಇದ್ದಲ್ಲೇ ತೇಲಿತು. ಎದೆಬಡಿತ ಇಳಿಯುತ್ತ ಇಳಿಯುತ್ತ ತನ್ನ ಹಳೆಯ ನಿಧಾನಕ್ಕೆ ಬಂತು. ಮರುದಿನ ನೀರಿನ ಸೆಳೆತ ಸಿಕ್ಕಿದ ಕಡೆಗೆ ಹೊರಟಿತು. ಸೆಳೆತ ಪೂರ್ವದ ಕಡೆಗಿತ್ತು. ಈಜಿತು ಎನ್ನುವಂತಿರಲಿಲ್ಲ, ಒಯ್ಯಿಸಿಕೊಂಡಿತು. ಇನ್ನೂ ಎರಡು ದಿನ ಬದುಕಿತ್ತು. ಸುಪ್ರಿತಾ ಆ ಎರಡು ದಿನವೂ ಕೇಳಿದಳು. ಹೇಳುವಂಥದ್ದೇನೂ ನಡೆಯಲಿಲ್ಲ. ಉಸಿರು ತೆಗೆದುಕೊಂಡಿತು, ಬಿಟ್ಟಿತು. ಒಂದು ಬೆಳಗ್ಗೆ ಒಂದು ಬಡಿತದ ಮೇಲೆ ಇನ್ನೊಂದು ಬರಲಿಲ್ಲ. ಅವಳು ಕಾದಳು. ಕಾದದ್ದು ಸಾಕೆನಿಸಿದ ಮೇಲೆ ಎದ್ದು ಹೋಗಿ ಶಾನುಭಾಗರಿಗೆ ತಿಳಿಸಿದಳು.

ನಮ್ಮ ವಲಯದೊಳಗೇ. ಅಂಚಿನಿಂದ ಬಹಳ ಈಚೆಗೆ.

ದಕ್ಕೆಯ ಧ್ವನಿವರ್ಧಕದಲ್ಲಿ ಅದೇ ದಿನ ಕೂಗಿದರು. ಕಡಲಿಗೆ ಹೋದ ಬೋಟುಗಳು ವಾಪಸು ಬಂದವು. ಬಂದರಿನಲ್ಲಿ ಜಾಗ ಸಾಲದೆ ಹೊಳೆಯೊಳಗೂ ನಿಲ್ಲಿಸಿದರು. ಯಾರೂ ಗಲಾಟೆ ಮಾಡಲಿಲ್ಲ. ಮೊದಲನೇ ಸೂತಕದಲ್ಲಿ ಕಲ್ಲು ತೂರಿದ್ದರು, ಎರಡನೆಯದರಲ್ಲಿ ಧರಣಿ ಕೂತಿದ್ದರು. ಈ ಸಲ ಬಲೆ ತೊಳೆದು ಒಣಗಲು ಹಾಕಿ ಮನೆಗೆ ಹೋದರು.

ಸುಪ್ರಿತಾ ಮನೆಗೆ ಹೋಗಿ, ಮುಚ್ಚಿಡುವುದು ಬೇಡವೆಂದು ಅಂಗಳದಲ್ಲೇ ಹೇಳಿದಳು. ದೂಡುವುದು ತನ್ನ ಕೈಯಲ್ಲಿತ್ತು, ತಾನು ದೂಡಲಿಲ್ಲ. ಆಚೆಯವನು ಮೊದಲು ಆರಿಸಿದ್ದನ್ನೂ ಹೇಳಿದಳು. ರವೀಂದ್ರ ಹಗ್ಗ ಸುತ್ತುತ್ತಿದ್ದವನು ಸುತ್ತುತ್ತಲೇ ಇದ್ದ. ಮಾತಾಡಿದ್ದು ಗುಲಾಬಿ.

"ಆಚೆಯವ ಆರಿಸಿದನಾ? ಮತ್ತೆ ನಿನಗೆಂತ ಕಷ್ಟವಿತ್ತು?"

ಆರಿಸಿದನಲ್ಲ, ಅದೇ ಕಷ್ಟ ಎಂದು ಸುಪ್ರಿತಾ ಹೇಳಬಹುದಿತ್ತು. ಅತ್ತೆ ಆಗಲೇ ಎದ್ದು ಒಳಗೆ ಹೋಗಿದ್ದಳು. ಅಂದಿನಿಂದ ಗುಲಾಬಿ ಸೊಸೆಯೊಡನೆ ಮಾತು ಬಿಟ್ಟಳು. ಅಡುಗೆ ಮಾಡಿಟ್ಟು, ಬಡಿಸದೆ, ಪಕ್ಕದ ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದಳು. ಆ ಜಗಲಿಯಿಂದ ಬೇರೆ ಮನೆಗಳಿಗೂ ಸುದ್ದಿ ಹೋಯಿತು. ಬಸ್ಸಿನಲ್ಲಿ ಸುಪ್ರಿತಾಳ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಬೈಯುವವರಾದರೂ ಇದ್ದಿದ್ದರೆ ಒಂದು ರೀತಿ ಇರುತ್ತಿತ್ತು.

ಖಮೀಸ್ ಒಂದು ಸಲ ಕರೆ ಮಾಡಿದ. ನಮ್ಮ ಕಡೆ ಬಂದಿದ್ದರೂ ಆಗುತ್ತಿತ್ತು ಎಂದ. ಇರಲಿ ಬಿಡು ಎಂದಳು ಸುಪ್ರಿತಾ. ಆಮೇಲೆ ಅವನು ಹವಾಮಾನ ಹೇಳಿದ, ಅವಳು ಬರೆದುಕೊಂಡಳು.

ತನಿಖೆಗೆ ಬೇರೆ ಬೇರೆ ದೇಶದವರು ಬಂದರು. ಸತ್ತ ಪ್ರಾಣಿಯನ್ನು ಕೊಯ್ದು ನೋಡಲು ದಡದ ಹತ್ತಿರಕ್ಕೆ ಎಳೆದು ತರಬೇಕಿತ್ತು. ಸೂತಕದಲ್ಲಿ ಕಡಲಿಗಿಳಿಯಲು ಅನುಮತಿ ಸಿಗುವ ಕೆಲಸ ಅದೊಂದೇ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ರವೀಂದ್ರ ಹೋಗುತ್ತೇನೆಂದ. ಮೂರು ಬೋಟುಗಳು ಹಗ್ಗ ಕಟ್ಟಿ ಎಳೆದುಕೊಂಡು ಬಂದವು.

ತನಿಖೆಯವರ ಅಧಿಕಾರಿಯ ಮುಂದೆ ಅವಳೂ ಶಾನುಭಾಗರೂ ಕೂತರು. ಮಾರ್ಗದರ್ಶನ ಎಂದರೆ ಏನೆಂದು ಕೇಳಿದಾಗ ಶಾನುಭಾಗರು ನೆಲ ನೋಡಿದರು. ಸುಪ್ರಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇರೆ ವಲಯಗಳಲ್ಲೂ ಇದೇ ನಡೆಯುತ್ತದೆಂದು ಅಧಿಕಾರಿಗೆ ಮೊದಲೇ ತಿಳಿದಿರಬೇಕು, ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಈ ಪ್ರಾಣಿ ಸತ್ತದ್ದು ಮುಪ್ಪಿನಿಂದಲೇ, ಆದರೆ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ನಿಯಮ ಬದಲಿಸುವ ಮಾತು ಮುಂದಿನ ಸಭೆಯಲ್ಲಿ ಬರಬಹುದು, ಸಭೆ ಯಾವಾಗ ಸೇರುವುದೋ ಹೇಳಲಾಗದು ಎಂದರು. ಬೋಟುಗಳು ನಿಂತಲ್ಲೇ ನಿಂತವು.

ಅಂದು ಸುಪ್ರಿತಾ ಮನೆಗೆ ಬಂದಾಗ ರವೀಂದ್ರ ಹಿಂಬದಿಯ ಕಟ್ಟೆಯ ಮೇಲೆ ಕೂತು, ಸಣ್ಣ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಹಿಂದಿನ ಸಲ ಹೋದ ಬಂದರಿಗೇ ಹೊರಟಿದ್ದ. ಅವಳು ಅವನ ಪಕ್ಕ ಕೂತು ಬಟ್ಟೆ ಮಡಚಿ ಕೊಡತೊಡಗಿದಳು. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ಮೇಲೆ ಸಿಗುವ ಹಾಗೆ ಇಟ್ಟಳು.

"ಎಳೆಯುವಾಗ ಹತ್ತಿರದಿಂದ ನೋಡಿದೆ," ಎಂದ ರವೀಂದ್ರ. ಆ ಸಂಗತಿಯ ಬಗ್ಗೆ ಅವನು ಬಾಯಿಬಿಟ್ಟದ್ದು ಅದೇ ಮೊದಲು. "ಮೈಯಲ್ಲಿ ಏನೂ ಇರಲಿಲ್ಲ. ಚರ್ಮ, ಮೂಳೆ ಅಷ್ಟೇ. ಅಂಥದ್ದನ್ನು ಎಷ್ಟು ದಿನ ಅಟ್ಟಿದ್ದಿರಿ?"

"ವಾರದ ಮೇಲಾಯಿತು."

ಅವನು ಚೀಲದ ಬಾಯಿ ಎಳೆದು ಗಂಟು ಹಾಕಿದ. ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹಾಕಿದ.

"ಮೊದಲೇ ಬಿಡಬೇಕಿತ್ತು," ಎಂದ.

ಆಮೇಲೆ ಎದ್ದು, ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು, ಎಬ್ಬಿಸು ಎಂದು ಹೇಳಿ ಒಳಗೆ ಹೋದ. ಸುಪ್ರಿತಾ ಅಲ್ಲೇ ಕೂತಳು. ಎದುರಿಗೆ ಹೊಳೆಯ ತುಂಬ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನೀರು ಏರುವ ಹೊತ್ತಾಗಿತ್ತು. ಒಂದನ್ನೊಂದು ಮೆಲ್ಲಗೆ ತಾಗುತ್ತ ಅವು ಎಲ್ಲವೂ ಒಟ್ಟಿಗೆ ಮೇಲೇರುತ್ತಿದ್ದವು.